ಅಪ್ಪನ ಆಸ್ತಿಗೆ ಯಾವ ಊರಿನ ವಕೀಲರು?

ಹಿರಿಯರು ತೀರಿಕೊಂಡ ಮೇಲೆ ಆಸ್ತಿ, ವಿಲ್, ಪ್ರೊಬೇಟ್, ವಕೀಲರ ಹುಡುಕಾಟ ಕುರಿತು ಬಂದ ಪತ್ರಗಳಲ್ಲಿ ಆಯ್ದವಕ್ಕೆ ಈ ಸಲ ಉತ್ತರ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ತಂದೆ ನಾಲ್ಕು ತಿಂಗಳ ಹಿಂದೆ ತಿಪಟೂರಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಅಲ್ಲೇ ಇದ್ದರು. ವಿಲ್ ಬರೆದಿಲ್ಲ. ಮೂರು ಎಕರೆ ತೆಂಗಿನ ತೋಟ, ಪಟ್ಟಣದಲ್ಲಿ ಮನೆ (ಎರಡೂ ಅವರ ಸ್ವಂತ ಸಂಪಾದನೆ), ರಾಷ್ಟ್ರೀಕೃತ ಬ್ಯಾಂಕಿನಲ್ಲಿ 22 ಲಕ್ಷದ ಎಫ್‌ಡಿ, ಸಹಕಾರಿ ಬ್ಯಾಂಕಿನಲ್ಲಿ 3 ಲಕ್ಷ, ಡಿಮ್ಯಾಟ್ ಖಾತೆಯಲ್ಲಿ ಸುಮಾರು 6 ಲಕ್ಷದ ಷೇರು ಇವೆ. ಯಾವುದಕ್ಕೂ ನಾಮಿನಿ ಇಲ್ಲ. ಅಮ್ಮ, ನಾನು, ಇಬ್ಬರು ಅಕ್ಕಂದಿರು, ನಮ್ಮಲ್ಲಿ ತಕರಾರಿಲ್ಲ. ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿನ ವಕೀಲರೊಬ್ಬರು ಎಲ್ಲಕ್ಕೂ ಸೇರಿಸಿ ಪ್ರೊಬೇಟ್ ಹಾಕಬೇಕು, ಬಂದ ಆಸ್ತಿಯಲ್ಲಿ ಶೇ 5 ಫೀಸು ಎನ್ನುತ್ತಾರೆ. ಇದು ಸರಿಯೇ? ತಿಪಟೂರಿನಲ್ಲಿ ಒಳ್ಳೆಯ ವಕೀಲರನ್ನು ಹುಡುಕುವುದು ಹೇಗೆ?
— ಓದುಗರು, ಬೆಂಗಳೂರು

ಉತ್ತರ: ಎರಡೂ ಸರಿಯಲ್ಲ. ಪ್ರೊಬೇಟ್ ಎಂದರೆ ವಿಲ್ ಅಸಲಿ ಎಂದು ನ್ಯಾಯಾಲಯ ಮೊಹರು ಹಾಕಿ ಕೊಡುವ ಪ್ರತಿ. ವಿಲ್ಲೇ ಇಲ್ಲದ ಮೇಲೆ ಪ್ರೊಬೇಟ್ ಎಲ್ಲಿಂದ ಬರಬೇಕು? ಇನ್ನು ಫೀಸಿನ ಮಾತು. ಗೆದ್ದರೆ ಇಷ್ಟು, ಬಂದ ಆಸ್ತಿಯಲ್ಲಿ ಇಷ್ಟು ಪಾಲು ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳೇ ನಿಷೇಧಿಸಿವೆ. ಕೆಲಸಕ್ಕೆ ಇಷ್ಟು ಎಂದು ಹೇಳುವವರ ಹತ್ತಿರ ಹೋಗಿ.

ಅದಕ್ಕೂ ಮೊದಲು ನಿಮ್ಮ ಪಟ್ಟಿಯಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾದದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳಿ. ಈ ಲೆಕ್ಕ ಹಾಕದೆ ವಕೀಲರ ಕಚೇರಿ ಹತ್ತಿದವರು ಬೇಡದ ಅರ್ಜಿಗೂ ದುಡ್ಡು ತೆರುತ್ತಾರೆ.

ತೋಟಕ್ಕೆ ಬೇಕಾದದ್ದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್ ಪ್ರತಿ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆ, ಆಕ್ಷೇಪಣೆಗೆ ನೋಟಿಸು, ಆಮೇಲೆ ಮ್ಯುಟೇಷನ್ (ಪಹಣಿಯಲ್ಲಿ ಹೆಸರು ಬದಲಾವಣೆ). ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಮಿನ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ತಿಳಿಸಬೇಕು. ನಿಮ್ಮದು ಸ್ವಲ್ಪ ತಡವಾಗಿದೆ, ಹಾಗಂತ ಹಕ್ಕೇನೂ ಹೋಗುವುದಿಲ್ಲ. ಜಂಟಿ ಖಾತೆಯೇ ಮಾಡಿಸಿ, ನಾಲ್ವರ ಹೆಸರೂ ಬರಲಿ. ‘ಸದ್ಯಕ್ಕೆ ಮಗನ ಹೆಸರಿಗೆ ಇರಲಿ, ಆಮೇಲೆ ನೋಡೋಣ’ ಎಂಬ ಸಲಹೆಯನ್ನು ಒಪ್ಪಬೇಡಿ. ಮುಂದೆ ಸಾಲಕ್ಕೋ ಮಾರಾಟಕ್ಕೋ ಹೋದಾಗ ಅಕ್ಕಂದಿರ ಪ್ರಶ್ನೆ ಎದ್ದೇ ಏಳುತ್ತದೆ. ಪಟ್ಟಣದ ಮನೆಗೆ ನಗರಸಭೆಯಲ್ಲಿ ಇದೇ ಕಾಗದಗಳ ಮೇಲೆ ಖಾತೆ ಬದಲಾವಣೆ. ಇದಕ್ಕೂ ಕೋರ್ಟು ಬೇಡ.

ಪಾಲಿನ ಲೆಕ್ಕ: ಸ್ವಯಾರ್ಜಿತ ಆಸ್ತಿಯಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ ಮತ್ತು ಮೂವರು ಮಕ್ಕಳಿಗೆ ತಲಾ ಕಾಲು ಭಾಗ. ಅಕ್ಕಂದಿರಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ನಿಮ್ಮ ತಂದೆಯ ತಾಯಿ ಬದುಕಿದ್ದರೆ ಐದು ಭಾಗ ಮಾಡಬೇಕು. ಅಜ್ಜಿಯನ್ನು ವಂಶವೃಕ್ಷದಲ್ಲಿ ಮರೆಯುವುದು ಬಹಳ ಸಾಮಾನ್ಯ. ಮರೆತರೆ ಮುಂದೆ ಅತ್ತೆ, ಚಿಕ್ಕಪ್ಪಂದಿರು ಅಜ್ಜಿಯ ಪಾಲು ಎಂದು ಬರಲು ದಾರಿ ತೆರೆದಿಟ್ಟಂತೆ.

ಹಣದ ವಿಷಯಕ್ಕೆ ಬನ್ನಿ. ನಾಮಿನಿ ಇಲ್ಲದ ಖಾತೆಗಳಿಗೆ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿತು. ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ವಿಧಾನ. ಸಕ್ಸೆಷನ್ ಸರ್ಟಿಫಿಕೇಟ್ (ಮೃತರ ಠೇವಣಿ, ಷೇರು ಪಡೆಯಲು ವಾರಸುದಾರರಿಗೆ ನ್ಯಾಯಾಲಯ ಕೊಡುವ ಪ್ರಮಾಣಪತ್ರ) ಕೇಳುವಂತಿಲ್ಲ. ಎಲ್ಲ ಕಾಗದ ಸೇರಿದ 15 ದಿನದೊಳಗೆ ಕ್ಲೇಮು ಮುಗಿಸಬೇಕು. ನಿಮ್ಮ ಸಹಕಾರಿ ಬ್ಯಾಂಕಿನ 3 ಲಕ್ಷ ಈ ಮಿತಿಯೊಳಗೆ ಬರುತ್ತದೆ. ಡಿಮ್ಯಾಟ್ ಷೇರಿಗೆ ಸೆಬಿಯ ಸರಳ ವಿಧಾನದ ಮಿತಿ 15 ಲಕ್ಷ; ಆರು ಲಕ್ಷಕ್ಕೆ ಡಿಮ್ಯಾಟ್ ಖಾತೆ ಇರುವ ಸಂಸ್ಥೆಯ (ಡಿಪಾಸಿಟರಿ ಪಾರ್ಟಿಸಿಪೆಂಟ್) ಬಳಿ ಅಫಿಡವಿಟ್, ಇಂಡೆಮ್ನಿಟಿ ಬಾಂಡು (ಮುಂದೆ ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆ), ಉಳಿದ ವಾರಸುದಾರರ ಒಪ್ಪಿಗೆ ಕೊಟ್ಟರೆ ನಡೆಯುತ್ತದೆ.

ಉಳಿದದ್ದು 22 ಲಕ್ಷದ ಎಫ್‌ಡಿ. ಇದಕ್ಕೆ ಬ್ಯಾಂಕು ಸಕ್ಸೆಷನ್ ಸರ್ಟಿಫಿಕೇಟ್ ಕೇಳಬಹುದು. ಶಾಖೆಯಲ್ಲಿ ಬಾಯಿಮಾತಿಗೆ ನಿಲ್ಲದೆ ಯಾವ ಕಾಗದ ಬೇಕೆಂದು ಲಿಖಿತವಾಗಿ ಪಡೆಯಿರಿ. ಕೆಲವು ಬ್ಯಾಂಕುಗಳು ಸರಳ ವಿಧಾನದ ಮಿತಿಯನ್ನು 15 ಲಕ್ಷಕ್ಕಿಂತ ಮೇಲಿಟ್ಟಿರಬಹುದು, ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಕೇಳಿದರೆ ಅರ್ಜಿಯೇ ಬೇಡವಾಗಬಹುದು.

ಬೇಕೆಂದೇ ಆದರೆ, ಮೃತರು ಕೊನೆಗೆ ವಾಸವಿದ್ದ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 371ನೇ ಕಲಮು ಹೇಳುವುದು ಇದನ್ನೇ. ನೀವಿರುವ ಊರು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನಿಮಗೆ ಬೇಕಾದದ್ದು ತಿಪಟೂರು ಕೋರ್ಟಿನಲ್ಲಿ ದಿನವೂ ನಿಲ್ಲುವ ವಕೀಲರು. ಬೆಂಗಳೂರಿನವರನ್ನು ಹಿಡಿದರೆ ಅವರು ಅಲ್ಲಿ ಇನ್ನೊಬ್ಬರಿಗೆ ವಹಿಸುತ್ತಾರೆ, ಪ್ರತಿ ವಾಯಿದೆಗೂ ಎರಡು ಫೀಸು ಬೀಳುತ್ತದೆ.

ಹುಡುಕುವ ಕ್ರಮ ಹೀಗೆ. ವಕೀಲರು ಜಾಹೀರಾತು ಕೊಡುವಂತಿಲ್ಲ, ಅದೂ ಪರಿಷತ್ತಿನ ನಿಯಮವೇ. ಅಂತರ್ಜಾಲದಲ್ಲಿ ‘ಆಸ್ತಿ ವರ್ಗಾವಣೆ ಗ್ಯಾರಂಟಿ’ ಎಂದು ಕೂಗುವವರಲ್ಲಿ ಬಹುಪಾಲು ಮಧ್ಯವರ್ತಿಗಳು. ಅದರ ಬದಲು ಇ-ಕೋರ್ಟ್ಸ್ ಜಾಲತಾಣ ತೆರೆಯಿರಿ. ಕರ್ನಾಟಕ, ತುಮಕೂರು ಜಿಲ್ಲೆ, ತಿಪಟೂರು ಸಂಕೀರ್ಣ ಆಯ್ದುಕೊಂಡು ಪ್ರಕರಣದ ಬಗೆಯಲ್ಲಿ ‘ಪಿ ಅಂಡ್ ಎಸ್‌ಸಿ’ ಒತ್ತಿ, ಕಳೆದ ಎರಡು ಮೂರು ವರ್ಷಗಳ ಇತ್ಯರ್ಥವಾದ ಅರ್ಜಿಗಳನ್ನು ನೋಡಿ. ಪ್ರೊಬೇಟ್ ಮತ್ತು ಸಕ್ಸೆಷನ್ ಅರ್ಜಿಗಳಿಗೆ ನಮ್ಮ ರಾಜ್ಯದ ಕೋರ್ಟುಗಳಲ್ಲಿ ಇರುವ ಗುರುತು ಅದು. ಒಂದೊಂದನ್ನೂ ತೆರೆದರೆ ಅರ್ಜಿದಾರರ ವಕೀಲರ ಹೆಸರು, ದಾಖಲಾದ ದಿನ, ಆದೇಶದ ದಿನ, ನಡುವೆ ಎಷ್ಟು ವಾಯಿದೆ ಎಲ್ಲವೂ ಕಾಣುತ್ತದೆ. ಮತ್ತೆ ಮತ್ತೆ ಬರುವ ಮೂರು ನಾಲ್ಕು ಹೆಸರು ಬರೆದುಕೊಳ್ಳಿ. ಆ ಕೋರ್ಟಿನಲ್ಲಿ ತಕರಾರಿಲ್ಲದ ಅರ್ಜಿಗೆ ನಿಜವಾಗಿ ಎಷ್ಟು ಕಾಲ ಹಿಡಿಯುತ್ತದೆ ಎಂಬುದೂ ತಿಳಿದುಬಿಡುತ್ತದೆ, ‘ಮೂರೇ ತಿಂಗಳು ಸಾರ್’ ಎಂಬ ಮಾತನ್ನು ಅದಕ್ಕೆ ಹೋಲಿಸಿ ನೋಡಬಹುದು. ಕೋರ್ಟಿನ ಆವರಣದ ವಕೀಲರ ಸಂಘದಲ್ಲೂ ವಿಚಾರಿಸಿ. ಆಯ್ದವರ ಸನ್ನದು (ವಕೀಲಿ ನೋಂದಣಿ) ಸಂಖ್ಯೆ ಕೇಳಿದರೆ ತಪ್ಪಲ್ಲ. ಕರ್ನಾಟಕದ ಸಂಖ್ಯೆ ‘ಕೆಎಆರ್’ ಎಂದು ಶುರುವಾಗುತ್ತದೆ, ನಡುವೆ ಕ್ರಮಸಂಖ್ಯೆ, ಕೊನೆಗೆ ನೋಂದಣಿಯ ವರ್ಷ.

ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು ಫೀಸು ಒಂದೇ ಅಲ್ಲ. ಅರ್ಜಿದಾರರು ಯಾರು ಎಂದು ಕೇಳಿ. ನಾಲ್ವರೂ ಅರ್ಜಿದಾರರಾದರೆ, ಅಥವಾ ಅಮ್ಮ ಅರ್ಜಿ ಹಾಕಿ ಮಕ್ಕಳು ಮೊದಲ ವಾಯಿದೆಗೇ ಬಂದು ಒಪ್ಪಿಗೆ ಬರೆದುಕೊಟ್ಟರೆ ನೋಟಿಸು ಜಾರಿಯಾಗಲು ಕಾಯುವ ತಿಂಗಳುಗಳು ಉಳಿಯುತ್ತವೆ. ವಕೀಲರ ಫೀಸನ್ನು ಹಂತ ಹಂತವಾಗಿ ಕೊಡುವ ಮಾತಾಡಿ: ಅರ್ಜಿ ದಾಖಲಾದಾಗ ಒಂದಿಷ್ಟು, ಸಾಕ್ಷ್ಯ ಮುಗಿದಾಗ ಒಂದಿಷ್ಟು, ಸರ್ಟಿಫಿಕೇಟಿನ ದೃಢೀಕೃತ ಪ್ರತಿ ಕೈಗೆ ಬಂದಾಗ ಉಳಿದದ್ದು. ಕೋರ್ಟ್ ಫೀ, ಪತ್ರಿಕಾ ಪ್ರಕಟಣೆ, ಟೈಪಿಂಗ್, ಗುಮಾಸ್ತರ ಖರ್ಚು ಅದರಲ್ಲಿ ಸೇರಿವೆಯೋ ಬೇರೆಯೋ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೊಟ್ಟ ಪ್ರತಿ ಮೊತ್ತಕ್ಕೂ ರಸೀದಿ ಇರಲಿ.

ಕೋರ್ಟ್ ಫೀ ನಿಗದಿಯಾಗುವುದು ಅರ್ಜಿಯಲ್ಲಿ ತೋರಿಸಿದ ಹಣದ ಮೊತ್ತದ ಮೇಲೆ. ಸರ್ಟಿಫಿಕೇಟ್ ಬೇಡದ ಸಹಕಾರಿ ಬ್ಯಾಂಕಿನ ಹಣ, ಷೇರುಗಳನ್ನೂ ‘ಇರಲಿ ಬಿಡಿ’ ಎಂದು ಸೇರಿಸಿದರೆ ಅವಕ್ಕೂ ಫೀ ಬೀಳುತ್ತದೆ. ತೋಟ, ಮನೆಯನ್ನಂತೂ ಸೇರಿಸುವ ಹಾಗೇ ಇಲ್ಲ. ಈ ಸರ್ಟಿಫಿಕೇಟು ಮೃತರಿಗೆ ಬರಬೇಕಾದ ಸಾಲ, ಠೇವಣಿ, ಷೇರಿನಂಥವಕ್ಕೆ ಮಾತ್ರ, ಸ್ಥಿರಾಸ್ತಿಗಲ್ಲ. ಹಾಗೆಯೇ ಎಫ್‌ಡಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ, ಎರಡನೇ ಎಫ್‌ಡಿ ಬಿಟ್ಟುಹೋದರೂ ಬ್ಯಾಂಕು ಅಲ್ಲಿಗೇ ನಿಲ್ಲಿಸುತ್ತದೆ. ಆಗ 376ನೇ ಕಲಮಿನಡಿ ಸರ್ಟಿಫಿಕೇಟನ್ನು ವಿಸ್ತರಿಸಿಕೊಳ್ಳಲು ಮತ್ತೆ ಅರ್ಜಿ. ಬ್ಯಾಂಕಿನಿಂದ ಖಾತೆ ಸಂಖ್ಯೆ, ಅಸಲು, ಈ ದಿನದವರೆಗಿನ ಬಡ್ಡಿ ಬರೆದ ಪತ್ರ ತಂದು ಅದನ್ನೇ ಅರ್ಜಿಯ ಅನುಸೂಚಿಗೆ (ಆಸ್ತಿಯ ಪಟ್ಟಿಗೆ) ನಕಲು ಮಾಡಿಸಿ.

ಇನ್ನೊಂದು ತೊಡಕು ಹೆಸರು. ಪಹಣಿಯಲ್ಲಿ ಅಪ್ಪನನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಬ್ಯಾಂಕಿನಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಎಂದು ಮೂರು ರೂಪವಿದ್ದರೆ ಅರ್ಜಿಯ ಶೀರ್ಷಿಕೆಯಲ್ಲೇ ‘ಉರುಫ್’ ಎಂದು ಮೂರನ್ನೂ ಬರೆಸಿ. ಆದೇಶ ಬಂದ ಮೇಲೆ ತಿದ್ದುಪಡಿ ತರುವುದು ಅರ್ಜಿ ಹಾಕಿದಷ್ಟೇ ಕೆಲಸ.

ಪ್ರಶ್ನೆ: ಅಣ್ಣ ನಾಮಿನಿ ಎಂಬ ಕಾರಣಕ್ಕೆ ಅಪ್ಪನ ಠೇವಣಿಯೆಲ್ಲ ಅವನದೇ ಆಗುತ್ತದೆಯೇ?
— ಓದುಗರು, ಗಂಗಾವತಿ

ಉತ್ತರ: ಇಲ್ಲ. ನಾಮಿನಿ ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವನು. ಷೇರುಗಳ ವಿಷಯದಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಬ್ಯಾಂಕು ಅಣ್ಣನಿಗೆ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು, ನಿಮ್ಮ ಪಾಲನ್ನು ಅಣ್ಣನಿಂದ ಕೇಳಬೇಕು. ಜೀವವಿಮೆಯಲ್ಲಿ ಮಾತ್ರ ಎಚ್ಚರ: 2015ರ ತಿದ್ದುಪಡಿಯ ನಂತರ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಹಣ ಅವರಿಗೇ ಸೇರುವ ಏರ್ಪಾಡಿದೆ.

ಪ್ರಶ್ನೆ: ಮಕ್ಕಳಿಲ್ಲದ ದೊಡ್ಡಮ್ಮ ಮೈಸೂರಿನ ಮನೆಯನ್ನು ನನಗೆ ವಿಲ್ ಮಾಡಿದ್ದಾರೆ. ನೋಂದಣಿಯಾದ ವಿಲ್. ಅವರ ಮೈದುನನ ಮಕ್ಕಳು ‘ನೋಡ್ಕೋತೀವಿ’ ಎನ್ನುತ್ತಿದ್ದಾರೆ. ಖಾತೆಗೆ ಹೋದರೆ ‘ಪ್ರೊಬೇಟ್ ತನ್ನಿ’ ಎಂದರು. ಬೇಕೇ? ಸಾಕ್ಷಿ ಹಾಕಿದವರಲ್ಲಿ ಒಬ್ಬರು ತೀರಿಹೋಗಿದ್ದಾರೆ, ಇನ್ನೊಬ್ಬರಿಗೆ 78 ವರ್ಷ.
— ಓದುಗರು, ನಂಜನಗೂಡು

ಉತ್ತರ: ಕಾನೂನು ಪ್ರಕಾರ ಕಡ್ಡಾಯವಲ್ಲ. ಪ್ರೊಬೇಟ್ ಕಡ್ಡಾಯ ಎಂಬ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಹಿಂದೂಗಳ ಮಟ್ಟಿಗೆ ಮುಂಬೈ, ಚೆನ್ನೈ ಹೈಕೋರ್ಟುಗಳ ಮೂಲ ವ್ಯಾಪ್ತಿಯಲ್ಲಿ ಅಥವಾ ಹಳೆಯ ಬಂಗಾಳ ಪ್ರಾಂತ್ಯದಲ್ಲಿ ಬರೆದ ವಿಲ್‌ಗೆ, ಅಲ್ಲಿನ ಸ್ಥಿರಾಸ್ತಿಗೆ ಮಾತ್ರ ಅನ್ವಯಿಸುತ್ತಿತ್ತು. ಮೈಸೂರಿಗೆ ಎಂದೂ ಅನ್ವಯಿಸಿರಲಿಲ್ಲ. 2025ರ ಕೊನೆಯಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿದೆ. ಕಚೇರಿಯವರು ಕೇಳಿದರೆ ಯಾವ ನಿಯಮದಡಿ ಎಂದು ಲಿಖಿತ ಹಿಂಬರಹ ಕೊಡಲು ಹೇಳಿ. ಎಷ್ಟೋ ಸಲ ಹಿಂಬರಹ ಬರೆಯಬೇಕಾದಾಗ ಬೇಡಿಕೆ ಸಡಿಲವಾಗುತ್ತದೆ.

ಆದರೆ ಕಡ್ಡಾಯವಲ್ಲ ಎಂಬುದು ಒಂದು ಮಾತು, ತೆಗೆದುಕೊಳ್ಳುವುದು ಜಾಣತನವೇ ಎಂಬುದು ಇನ್ನೊಂದು. ನಿಮ್ಮ ಸ್ಥಿತಿಯಲ್ಲಿ ತೆಗೆದುಕೊಳ್ಳಿ, ಅದೂ ಈಗಲೇ. ನೋಂದಣಿಯಾಗಿದೆ ಎಂಬ ಮಾತ್ರಕ್ಕೆ ವಿಲ್ ರುಜುವಾತಾದಂತಲ್ಲ. ಬರೆದವರು ಸಹಿ ಮಾಡಿದ್ದನ್ನು ಕಂಡು ತಾವೂ ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಕನಿಷ್ಠ ಒಬ್ಬರು ಬದುಕಿದ್ದು ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದರೆ ಅವರನ್ನು ಕರೆಸಲೇಬೇಕು. ಆ 78ರ ಹಿರಿಯರೇ ನಿಮ್ಮ ಪ್ರಕರಣದ ಆಧಾರಸ್ತಂಭ. ಅವರೂ ಇಲ್ಲವಾದರೆ ಸಾಕ್ಷಿಯ ಕೈಬರಹ, ದೊಡ್ಡಮ್ಮನ ಸಹಿ ಎರಡನ್ನೂ ಬಲ್ಲವರಿಂದ ರುಜುವಾತು ಮಾಡಬೇಕು. ಸಾಧ್ಯ, ಆದರೆ ಎದುರಾಳಿ ವಕೀಲರಿಗೆ ಅನುಮಾನ ಬಿತ್ತಲು ಬೇಕಾದಷ್ಟು ಜಾಗ.

ವಿಲ್‌ನಲ್ಲಿ ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡಬೇಕಾದವರು) ಎಂದು ಯಾರನ್ನಾದರೂ ಹೆಸರಿಸಿದ್ದಾರೆಯೇ ನೋಡಿ. ಪ್ರೊಬೇಟ್ ಸಿಗುವುದು ಅವರಿಗೆ ಮಾತ್ರ. ಹೆಸರಿಸಿರದಿದ್ದರೆ ನೀವು ಕೇಳಬೇಕಾದದ್ದು ವಿಲ್ ಲಗತ್ತಿಸಿದ ‘ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್’, ಅಂದರೆ ಮೃತರ ಆಸ್ತಿಯ ಆಡಳಿತಕ್ಕೆ ನ್ಯಾಯಾಲಯ ಕೊಡುವ ಅಧಿಕಾರ ಪತ್ರ. ಫಲ ಹೆಚ್ಚುಕಡಿಮೆ ಒಂದೇ, ಅರ್ಜಿಯ ತಲೆಬರಹ ಬೇರೆ. ಈ ವ್ಯತ್ಯಾಸವನ್ನು ನೀವು ಕೇಳುವ ಮೊದಲೇ ವಕೀಲರು ಹೇಳಿದರೆ, ಈ ಕೆಲಸದಲ್ಲಿ ಕೈಪಳಗಿದವರು ಎಂದು ತಿಳಿಯಬಹುದು. ಅರ್ಜಿಯ ಜೊತೆಗೆ ಮೂಲ ವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಆದ್ದರಿಂದ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲೊಂದನ್ನು ಮೊದಲೇ ಪಡೆದಿಡಿ, ಮೂಲಪ್ರತಿಯನ್ನು ವಕೀಲರಿಗೆ ಕೊಡುವಾಗ ಸ್ವೀಕೃತಿ ಬರೆಸಿಕೊಳ್ಳಿ. ಪತ್ರ ಬರಹಗಾರರ ಬಳಿಯೋ ನೋಟರಿ ಬಳಿಯೋ ‘ಸ್ವಲ್ಪ ಇರಲಿ’ ಎಂದು ಬಿಟ್ಟುಬರಬೇಡಿ.

ಮೈದುನನ ಮಕ್ಕಳನ್ನು ಅರ್ಜಿಯಲ್ಲಿ ಮುಚ್ಚಿಡುವ ಸಲಹೆ ಯಾರಾದರೂ ಕೊಟ್ಟರೆ ಆ ವಕೀಲರನ್ನು ಬಿಡಿ. ದೊಡ್ಡಮ್ಮ ವಿಲ್ ಬರೆಯದೆ ಹೋಗಿದ್ದರೆ, ಮನೆ ಅವರ ತವರಿನಿಂದ ಬಂದದ್ದಲ್ಲದಿದ್ದರೆ, ಗಂಡನ ಕಡೆಯವರೇ ವಾರಸುದಾರರಾಗುತ್ತಿದ್ದರು. ಅಂಥವರಿಗೆ ನೋಟಿಸು ಹೋಗದೆ ಪಡೆದ ಆದೇಶವನ್ನು 263ನೇ ಕಲಮಿನಡಿ ರದ್ದು ಮಾಡಿಸಬಹುದು. ಅವರು ಬಂದು ತಕರಾರು ಹಾಕಿದರೆ ಅರ್ಜಿ ದಾವೆಯ ರೂಪ ತಾಳುತ್ತದೆ. ತಕರಾರಿಲ್ಲದಿದ್ದರೆ ತಿಂಗಳುಗಳ ಲೆಕ್ಕ, ಇದ್ದರೆ ವರ್ಷಗಳ ಲೆಕ್ಕ. ಹಾಗಾಗಿ ಫೀಸನ್ನೂ ಎರಡು ಬಗೆಯಾಗಿಯೇ ಮಾತಾಡಿ.

ಮತ್ತೊಂದು. ವಿಲ್ ಅಸಲಿಯೇ ಎಂಬುದನ್ನಷ್ಟೇ ಪ್ರೊಬೇಟ್ ನ್ಯಾಯಾಲಯ ನೋಡುತ್ತದೆ. ಮನೆ ದೊಡ್ಡಮ್ಮನದೇ ಆಗಿತ್ತೇ ಎಂಬುದನ್ನು ತೀರ್ಮಾನಿಸುವುದಿಲ್ಲ. ಮೈದುನನ ಮಕ್ಕಳ ವಾದ ‘ಅದು ನಮ್ಮ ತಾತನ ಮನೆ’ ಎಂದಾದರೆ ಪ್ರೊಬೇಟ್ ಪಡೆದರೂ ಜಗಳ ಮುಗಿಯದು, ಹಕ್ಕು ಘೋಷಣೆಯ ದಾವೆಯೇ ಬೇಕಾಗಬಹುದು. ಮನೆಯ ಕ್ರಯಪತ್ರ, ಋಣಭಾರ ಪತ್ರ ತೆಗೆದುಕೊಂಡು ಹೋಗಿ ಈ ಪ್ರಶ್ನೆಯನ್ನು ಮೊದಲ ದಿನವೇ ವಕೀಲರ ಮುಂದಿಡಿ.

ಪ್ರಶ್ನೆ: ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಅವರ ಪಾಲಿಗೆ ಬಂದಿದ್ದ ಜಮೀನಿನ ಪಹಣಿಯಲ್ಲಿ ನನ್ನದೂ ಮಗಳದೂ ಹೆಸರು ಸೇರಿಸಲು ಭಾವನವರು ಬಿಡುತ್ತಿಲ್ಲ. ಒಂದು ಪತ್ರಕ್ಕೆ ಸಹಿ ಹಾಕು, ಸಾಗುವಳಿ ದುಡ್ಡು ಕೊಡುತ್ತೇವೆ ಎನ್ನುತ್ತಾರೆ. ವಕೀಲರಿಗೆ ಕೊಡಲು ನನ್ನಲ್ಲಿ ಹಣವಿಲ್ಲ.
— ಓದುಗರು, ಸವಣೂರು

ಉತ್ತರ: ಸಹಿ ಹಾಕಬೇಡಿ ತಾಯಿ. ಅದು ಹಕ್ಕು ಬಿಡುಗಡೆ ಪತ್ರವಾಗಿದ್ದು ನೋಂದಣಿಯೂ ಆಗಿಬಿಟ್ಟರೆ, ಅದನ್ನು ರದ್ದು ಮಾಡಿಸಲು ಮೋಸ ಅಥವಾ ಬಲವಂತ ನಡೆಯಿತೆಂದು ನೀವೇ ಸಾಬೀತು ಮಾಡಬೇಕು. ಖಾಲಿ ಛಾಪಾ ಕಾಗದಕ್ಕಂತೂ ಯಾವ ಕಾರಣಕ್ಕೂ ಬೇಡ.

ವಕೀಲರಿಗೆ ನೀವು ಹಣ ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ವಿಷಯ ಬರೆದು, ಆಧಾರ್, ಯಜಮಾನರ ಮರಣ ಪ್ರಮಾಣಪತ್ರ, ಪಹಣಿಯ ಪ್ರತಿ ಲಗತ್ತಿಸಿದರೆ ಸಾಕು. ವಕೀಲರನ್ನು ಅವರೇ ನೇಮಿಸುತ್ತಾರೆ, ಕೋರ್ಟ್ ಫೀಯೂ ನೆರವಿನಲ್ಲೇ ಸೇರುತ್ತದೆ. ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ. ನೇಮಕವಾದ ವಕೀಲರು ಪ್ರತ್ಯೇಕವಾಗಿ ಹಣ ಕೇಳಿದರೆ ಸಮಿತಿಗೆ ತಿಳಿಸಿ, ಬೇರೆಯವರನ್ನು ಕೊಡುತ್ತಾರೆ.

ಈ ನಡುವೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಭಾವನವರು ಆಕ್ಷೇಪಣೆ ಹಾಕಿದರೆ ವಿಚಾರಣೆ ನಡೆಯುತ್ತದೆ. ಆದೇಶ ನಿಮ್ಮ ವಿರುದ್ಧ ಬಂದರೆ ಉಪವಿಭಾಗಾಧಿಕಾರಿಗೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 136(2)ರಡಿ ಮೇಲ್ಮನವಿ. ಆದರೆ ಕಂದಾಯ ಕಚೇರಿಗಳು ಹಕ್ಕನ್ನು ತೀರ್ಮಾನಿಸುವುದಿಲ್ಲ. ಪಾಲೇ ಇಲ್ಲ ಎಂದು ಅವರು ಹಟ ಹಿಡಿದರೆ ಸಿವಿಲ್ ಕೋರ್ಟಿನ ವಿಭಾಗ ದಾವೆಯೇ ದಾರಿ. ದಾವೆ ಹಾಕಿದ ದಿನವೇ ಜಮೀನು ಮಾರದಂತೆ ತಡೆಯಾಜ್ಞೆ ಕೇಳಲು ನಿಮ್ಮ ವಕೀಲರಿಗೆ ನೆನಪಿಸಿ. ಮುಂದೆ ಭಾವನವರು ಮಾತುಕತೆಗೆ ಬಂದರೆ ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿ. ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲ, ಹಾಗಾಗಿ ಬರೆಯುವ ಪ್ರತಿ ಸರ್ವೆ ನಂಬರು, ಪ್ರತಿ ಗುಂಟೆ ಓದಿಸಿಕೊಂಡು ಸಹಿ ಮಾಡಿ. ಮಗಳು ಅಪ್ರಾಪ್ತಳಾಗಿದ್ದರೆ ಅವಳ ಪಾಲನ್ನು ಬಿಟ್ಟುಕೊಡುವ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಮಗ ಅಪಘಾತದಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ, ವಿಲ್ ಇಲ್ಲ. ಅಲ್ಲಿ ಬ್ಯಾಂಕ್ ಖಾತೆ, ಕಾರು, ಕಂಪನಿಯ 401(ಕೆ) ನಿವೃತ್ತಿ ನಿಧಿ ಇವೆ. ನಾವಿಬ್ಬರೂ ಹಿರಿಯ ನಾಗರಿಕರು, ಅಲ್ಲಿ ಗೊತ್ತಿರುವ ವಕೀಲರಿಲ್ಲ. ಇಲ್ಲಿನ ವಕೀಲರು ಮಾಡಿಕೊಡಲು ಆಗುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಇಲ್ಲಿನ ವಕೀಲರಿಂದ ಅಲ್ಲಿನ ಕೆಲಸ ಆಗದು. ಧಾರವಾಡದ ಸಕ್ಸೆಷನ್ ಸರ್ಟಿಫಿಕೇಟನ್ನು ಅಲ್ಲಿನ ಬ್ಯಾಂಕು ಮೂಸಿಯೂ ನೋಡುವುದಿಲ್ಲ. ನ್ಯೂಜೆರ್ಸಿಯಲ್ಲಿ 21 ಕೌಂಟಿಗಳಿವೆ, ಒಂದೊಂದರಲ್ಲೂ ‘ಸರೊಗೇಟ್’ ಎಂಬ ಅಧಿಕಾರಿಯ ನ್ಯಾಯಾಲಯವಿದೆ. ಮಗ ವಾಸವಿದ್ದ ಕೌಂಟಿ ಯಾವುದು ಎಂಬುದೇ ಮೊದಲ ಪ್ರಶ್ನೆ. ಮದುವೆ, ಮಕ್ಕಳಿಲ್ಲದೆ ವಿಲ್ ಬರೆಯದೆ ಹೋದವರ ಆಸ್ತಿ ಆ ರಾಜ್ಯದಲ್ಲಿ ತಂದೆತಾಯಿಗೆ ಸೇರುತ್ತದೆ. ಆಡಳಿತಗಾರರಾಗಿ ನಿಮ್ಮನ್ನೇ ನೇಮಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಜಾಮೀನು ಬಾಂಡು ಕೇಳುತ್ತಾರೆ. ದೂರದ ದೇಶದಲ್ಲಿರುವ ಹಿರಿಯರಿಗೆ ಅಲ್ಲಿನ ಜಾಮೀನು ಕಂಪನಿ ಬಾಂಡು ಕೊಡಲು ಹಿಂಜರಿಯುವುದುಂಟು. ನಂಬುವ ಬಂಧುವೊಬ್ಬರು ಅಲ್ಲೇ ಇದ್ದರೆ, ನೀವಿಬ್ಬರೂ ನಿಮ್ಮ ಹಕ್ಕನ್ನು ಬಿಟ್ಟುಕೊಟ್ಟು ಅವರನ್ನು ನೇಮಿಸುವಂತೆ ಬರೆದುಕೊಡುವುದು ಸುಲಭ. ಬಿಟ್ಟುಕೊಡುವುದು ಆಡಳಿತದ ಹಕ್ಕನ್ನು ಮಾತ್ರ. ಆಸ್ತಿ ನಿಮಗೇ ಬರುತ್ತದೆ.

ಒಟ್ಟು ಮೊತ್ತ 20,000 ಡಾಲರ್ ಮೀರದಿದ್ದರೆ ಪೂರ್ಣ ಆಡಳಿತ ಬೇಡ, ಒಬ್ಬ ವಾರಸುದಾರರು ಉಳಿದವರ ಒಪ್ಪಿಗೆಯೊಂದಿಗೆ ಅಫಿಡವಿಟ್ ಸಲ್ಲಿಸಿದರೆ ಸಾಕು. ಈ ಲೆಕ್ಕ ಹಾಕುವ ಮೊದಲು 401(ಕೆ)ಯನ್ನು ಪಕ್ಕಕ್ಕಿಡಿ. ಅದಕ್ಕೆ ಮಗ ಫಲಾನುಭವಿಯ ಹೆಸರು ಬರೆದಿದ್ದರೆ ಹಣ ನೇರವಾಗಿ ಅವರಿಗೆ, ಸರೊಗೇಟ್ ಕಚೇರಿಗೆ ಸಂಬಂಧವಿಲ್ಲ. ಮಗನ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆದು ಇದನ್ನೂ, ಕಂಪನಿಯ ಜೀವವಿಮೆ ಇದೆಯೇ ಎಂಬುದನ್ನೂ ಕೇಳಿ. ಅಲ್ಲಿನ ಎಷ್ಟೋ ಕಂಪನಿಗಳು ನೌಕರರಿಗೆ ವಿಮೆ ಮಾಡಿಸಿರುತ್ತವೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ.

ವಕೀಲರಿಗಾಗಿ ಆ ಕೌಂಟಿಯ ವಕೀಲರ ಸಂಘದ ಶಿಫಾರಸು ಸೇವೆಗೆ ಬರೆಯಿರಿ. ಸಿಕ್ಕ ಹೆಸರನ್ನು ನ್ಯೂಜೆರ್ಸಿ ನ್ಯಾಯಾಂಗದ ಜಾಲತಾಣದ ವಕೀಲರ ಹುಡುಕಾಟದಲ್ಲಿ ಹಾಕಿ, ಪರವಾನಗಿ ಚಾಲ್ತಿಯಲ್ಲಿದೆಯೇ ನೋಡಿ. ಕೆಲಸದ ವ್ಯಾಪ್ತಿ ಮತ್ತು ಫೀಸನ್ನು ಬರವಣಿಗೆಯಲ್ಲಿ ಕೊಡಲು ಕೇಳಿ; ಹೊಸ ಕಕ್ಷಿದಾರರಿಗೆ ಫೀಸಿನ ಆಧಾರವನ್ನು ಬರೆದು ಕೊಡಬೇಕೆಂಬ ನಿಯಮ ಅಲ್ಲಿದೆ. ಗಂಟೆ ಲೆಕ್ಕವೋ ಇಡಿಯಾಗಿ ಇಷ್ಟೋ ಎಂದು ಕೇಳಿ. ನಿಮ್ಮಂಥ ಸರಳ ಪ್ರಕರಣಕ್ಕೆ ಇಡಿಯಾಗಿ ಮಾತಾಡುವುದೇ ಲೇಸು. ಮೊಹರಿರುವ ಮರಣ ಪ್ರಮಾಣಪತ್ರದ ಏಳೆಂಟು ಪ್ರತಿ ತರಿಸಿಟ್ಟುಕೊಳ್ಳಿ, ಒಂದೊಂದು ಸಂಸ್ಥೆಗೂ ಒಂದು ಬೇಕಾಗುತ್ತದೆ. ಮಗನ ಜನನ ಪ್ರಮಾಣಪತ್ರ ಕನ್ನಡದಲ್ಲಿದ್ದರೆ ದೃಢೀಕೃತ ಇಂಗ್ಲಿಷ್ ಅನುವಾದ ಮಾಡಿಸಿ. ಇಲ್ಲಿಂದ ಕಳಿಸುವ ಯಾವ ಕಾಗದಗಳಿಗೆ ಅಪೊಸ್ಟಿಲ್ (ವಿದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ) ಬೇಕೆಂಬ ಪಟ್ಟಿಯನ್ನು ಮೊದಲೇ ಅಲ್ಲಿನ ವಕೀಲರಿಂದ ತರಿಸಿಕೊಳ್ಳಿ. ಇಲ್ಲವಾದರೆ ಎರಡೆರಡು ಸಲ ಓಡಾಟ.

ತೆರಿಗೆಯ ವಿಷಯ: ನ್ಯೂಜೆರ್ಸಿಯ ಉತ್ತರಾಧಿಕಾರ ತೆರಿಗೆಯಿಂದ ತಂದೆತಾಯಿಗೆ ವಿನಾಯಿತಿಯಿದೆ. ಬ್ಯಾಂಕಿನ ಹಣ ಬಿಡಿಸಲು ಎಲ್-8 ಎಂಬ ನಮೂನೆ ಸಾಮಾನ್ಯವಾಗಿ ಸಾಕು. ಆದರೆ ಅಮೆರಿಕದ ಕೇಂದ್ರ ಸರ್ಕಾರದ ಎಸ್ಟೇಟ್ ತೆರಿಗೆಯಲ್ಲಿ, ಮಗನನ್ನು ಅಲ್ಲಿನ ಕಾಯಂ ನೆಲೆಯವನಲ್ಲ ಎಂದು ಪರಿಗಣಿಸಿದರೆ ಆಸ್ತಿ 60,000 ಡಾಲರ್ ದಾಟಿದಾಗ ವಿವರ ಸಲ್ಲಿಸಬೇಕಾಗುತ್ತದೆ. ಕೆಲಸದ ವೀಸಾದಲ್ಲಿದ್ದವರ ನೆಲೆ ಯಾವುದು ಎಂಬುದು ಪ್ರಕರಣದಿಂದ ಪ್ರಕರಣಕ್ಕೆ ಬೇರೆ. ಈ ಒಂದು ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡಲಾಗದ ವಕೀಲರನ್ನು ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಶಿವಮೊಗ್ಗದಲ್ಲಿ ಅಪ್ಪನ ಆಸ್ತಿಯ ಅರ್ಜಿ ನಡೆಸಲು ತಮ್ಮನಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕಳಿಸಬೇಕಂತೆ.
— ಓದುಗರು, ದುಬೈ

ಉತ್ತರ: ಜಿಪಿಎ ಬೇಡ, ಈ ಅರ್ಜಿಗೆ ಸೀಮಿತವಾದ ವಿಶೇಷ ಅಧಿಕಾರ ಪತ್ರ ಸಾಕು. ಮಾರುವ, ಅಡವಿಡುವ ಅಧಿಕಾರದ ಸಾಲುಗಳು ಸಿದ್ಧ ಮಾದರಿಯಲ್ಲಿ ಸೇರಿಕೊಂಡಿರುತ್ತವೆ, ಹೊಡೆದುಹಾಕಿ. ದುಬೈನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ದೃಢೀಕರಿಸಿ ಕಳಿಸಿ. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ತಮ್ಮ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಇದನ್ನು ಮರೆತವರ ಪತ್ರವನ್ನು ಸಾಕ್ಷ್ಯದ ಹೊತ್ತಿಗೆ ಕೋರ್ಟು ಬದಿಗಿಟ್ಟು ದಂಡ ಕೇಳುತ್ತದೆ. ನಿಮ್ಮದೇ ಹೇಳಿಕೆ ಬೇಕಾದರೆ ವಿಡಿಯೊ ಮೂಲಕ ಕೊಡಲು ಕರ್ನಾಟಕದಲ್ಲಿ 2020ರಿಂದ ನಿಯಮಗಳಿವೆ, ವಕೀಲರು ಅರ್ಜಿ ಹಾಕಬೇಕಷ್ಟೆ.

ಪ್ರಶ್ನೆ: ಸಕ್ಸೆಷನ್ ಅರ್ಜಿ ವರ್ಷದಿಂದ ಕುಂಟುತ್ತಿದೆ. ವಕೀಲರು ಫೋನ್ ಎತ್ತುವುದಿಲ್ಲ. ಬದಲಿಸೋಣವೆಂದರೆ ಬಾಕಿ ಫೀಸು ಕೊಡುವವರೆಗೆ ಫೈಲು ಕೊಡಲಾರೆ ಎನ್ನುತ್ತಾರೆ.
— ಓದುಗರು, ಚಿತ್ರದುರ್ಗ

ಉತ್ತರ: ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಬಾಕಿ ಫೀಸಿದ್ದರೆ ವಸೂಲಿಗೆ ಬೇರೆ ದಾರಿಯಿದೆ, ಕಕ್ಷಿದಾರರ ಕಾಗದಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಆದರೆ ಜಗಳಕ್ಕೆ ಇಳಿಯುವ ಮೊದಲು ಇ-ಕೋರ್ಟ್ಸ್‌ನಲ್ಲಿ ನಿಮ್ಮ ಪ್ರಕರಣದ 16 ಅಕ್ಷರಗಳ ಸಿಎನ್ಆರ್ ಸಂಖ್ಯೆ ಹಾಕಿ ದಿನಚರಿ ನೋಡಿ. ತಡ ಎಲ್ಲಿ ಆಗಿದೆ ಎಂಬುದು ಅಲ್ಲಿರುತ್ತದೆ. ‘ನೋಟಿಸು ಜಾರಿಗೆ ಕ್ರಮ ವಹಿಸಿಲ್ಲ’ ಎಂದು ಮೂರ್ನಾಲ್ಕು ವಾಯಿದೆ ಕಂಡರೆ ತಪ್ಪು ವಕೀಲರ ಕಡೆಯದು, ಬಹುಶಃ ನೋಟಿಸಿನ ಶುಲ್ಕವನ್ನೇ ಕಟ್ಟಿಲ್ಲ. ‘ನ್ಯಾಯಾಧೀಶರು ರಜೆ’, ‘ಹುದ್ದೆ ಖಾಲಿ’ ಎಂದಿದ್ದರೆ ಯಾರನ್ನು ಬದಲಿಸಿದರೂ ಅಷ್ಟೇ.

ಬದಲಿಸುವುದೇ ಆದರೆ ಈಗಿನವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು, ವಕಾಲತ್ತು ಹಿಂತೆಗೆಯುತ್ತಿದ್ದೇನೆ, ಕಾಗದಪತ್ರ ಮತ್ತು ನಿರಾಕ್ಷೇಪಣೆ ಕೊಡಿ ಎಂದು ಕೇಳಿ. ಕೊಡದಿದ್ದರೆ ಹೊಸ ವಕೀಲರು ಆ ಪತ್ರದ ಪ್ರತಿ ಲಗತ್ತಿಸಿ ನ್ಯಾಯಾಲಯದ ಅನುಮತಿ ಕೇಳುತ್ತಾರೆ. ಕೋರ್ಟಿಗೆ ಸಲ್ಲಿಸಿದ ಕಾಗದಗಳ ದೃಢೀಕೃತ ಪ್ರತಿ ಕೋರ್ಟಿನ ನಕಲು ವಿಭಾಗದಲ್ಲಿ ಸಿಗುತ್ತದೆ, ಹಾಗಾಗಿ ಫೈಲು ಸಿಗದಿದ್ದರೂ ಕೆಲಸ ನಿಲ್ಲದು. ಮೂಲ ಎಫ್‌ಡಿ ರಸೀದಿಯಂಥ ಕಾಗದ ಅವರ ಬಳಿಯೇ ಉಳಿದಿದ್ದರೆ ಮಾತ್ರ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಿ. ದೂರಿನ ಜೊತೆಗೆ ನೀವು ಕಳಿಸಿದ ಪತ್ರ, ಅಂಚೆ ರಸೀದಿ, ಹಣ ಕೊಟ್ಟ ದಾಖಲೆ ಇರಬೇಕು.